ಹಿಂದಕ್ಕೆ ಹೋಗದ ಗಡಿಯಾರ

ಸಿಟ್ಟು ಬಂದರೆ ಅಕ್ಕೋರ ಮೂಗಿನ ತುದಿ ಮೊದಲು ಕೆಂಪಾಗುತ್ತಿತ್ತು, ಆಮೇಲೆ ಕಿವಿಯ ಬೆಂಡೋಲೆಗಳು ಅಲುಗಾಡುತ್ತಿದ್ದವು. ಎರಡು ಸಾವಿರದ ಇಸವಿಯ ಆಚೀಚೆ ಖಾನಾಪುರದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು; ಪಾಠ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನು ಹೊಸದಾಗಿ ಸೇರಿದ ಕನ್ನಡದ ಟೀಚರ್. ಅವರು ಬೆಳಗಾವಿಯ ಕ್ಯಾಂಪ್ ಭಾಗದವರು, ನಾನು ಅದೇ ಊರಿನ ವಡಗಾವಿಯವಳು. ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ಅವರು ಶೇಂಗಾ ಸುಲಿಯುತ್ತ ಯಾರನ್ನಾದರೂ ಬೈಯುತ್ತಿದ್ದರು. ಸುಲಿದ ಕಾಳೆಲ್ಲ ನನಗೆ.

ನಮ್ಮ ಹೆಡ್‌ಮಾಸ್ತರರು ತಡವಾಗಿ ಬಂದ ದಿನವೆಲ್ಲ ಆಫೀಸಿನ ಗಡಿಯಾರದ ಮುಳ್ಳನ್ನು ಹಿಂದಕ್ಕೆ ಸರಿಸುತ್ತಿದ್ದರು. ಅದನ್ನು ನೋಡಿಯೇ ಗಂಟೆ ಬಾರಿಸುತ್ತಿದ್ದುದರಿಂದ ಶಾಲೆ ಬಿಡುವುದೂ ತಡವಾಗುತ್ತಿತ್ತು. ಒಂದು ಸಂಜೆ ಗುಂಜಿ ಎಂಬ ಹಳ್ಳಿಯ ಇಬ್ಬರು ಹುಡುಗಿಯರಿಗೆ ರೈಲು ತಪ್ಪಿತು. ಹಳಿಯ ಗುಂಟ ಕಾಡಿನೊಳಗೆ ನಡೆದು ಹೊರಟವರನ್ನು ರೈಲ್ವೆಯ ಗ್ಯಾಂಗ್‌ಮನ್ ಒಬ್ಬ ಕಂಡು ಮನೆ ಮುಟ್ಟಿಸಿದ.

ಮರುದಿನ ಅಕ್ಕೋರು ಎಲ್ಲರ ಎದುರೇ ಹೆಡ್‌ಮಾಸ್ತರರನ್ನು ತಡೆದು ನಿಲ್ಲಿಸಿದರು. "ನೀವು ತಡಾ ಮಾಡಿ ಬರ್ರಿ. ಆದ್ರ ಹೊತ್ತನ್ನ ಹಿಂದಕ್ಕ ಜಗ್ಗಬ್ಯಾಡ್ರಿ. ಹುಡುಗ್ಯಾರ ರೈಲು ನಿಮ್ಮ ಸಲುವಾಗಿ ನಿಂದ್ರೂದಿಲ್ಲ."

ಹೆಡ್‌ಮಾಸ್ತರರು ನಕ್ಕು ಒಳಗೆ ಹೋದರು. ಆ ನಗು ಅಕ್ಕೋರನ್ನು ಸುಟ್ಟಿತು. ಸರಿಸಲು ಮುಳ್ಳೇ ಇಲ್ಲದ ಗಡಿಯಾರವೊಂದನ್ನು ಮಾಡಿಯೇ ತೀರುತ್ತೇನೆ ಎಂದು ಹಟ ತೊಟ್ಟರು.

ಪ್ರಯೋಗಾಲಯದ ಕಪಾಟಿನಲ್ಲಿ ಟಿ.ವಿ.ಗೆ ಜೋಡಿಸುವ ಹಳೆಯ ಹೋಮ್ ಕಂಪ್ಯೂಟರ್ ಒಂದಿತ್ತು. ಕೀಲಿಮಣೆಯೊಳಗೇ ಇಡೀ ಯಂತ್ರ. ಕರೆಂಟು ಹೋದರೆ ಅದಕ್ಕೆ ಹೊತ್ತಿನ ನೆನಪೇ ಇರುತ್ತಿರಲಿಲ್ಲ. ಅಕ್ಕೋರು ಪುಟ್ಟ ಬ್ಯಾಟರಿಯ ಗಡಿಯಾರದ ಚಿಪ್ ಒಂದನ್ನು ತಂದು ಅದಕ್ಕೆ ಬೆಸುಗೆ ಹಾಕಿದರು. ಅವರು ಬರೆದ ಪ್ರೋಗ್ರಾಂ ಮೊದಲು ಚಿಪ್ ಇದೆಯೇ ಎಂದು ಹುಡುಕಬೇಕು: ಸೆಕೆಂಡಿನ ಅಂಕಿ ಓದಿ, ತುಸು ಕಾದು, ಮತ್ತೆ ಓದುವುದು. ಅಂಕಿ ಬದಲಾದರೆ ಗಡಿಯಾರವಿದೆ.

ವಾರಗಟ್ಟಲೆ ಅಂಕಿ ಅಲ್ಲಾಡಲಿಲ್ಲ. "ಸತ್ತೈತೇನು ಇದು!" ಎಂದು ಮೇಜು ಗುದ್ದುತ್ತಿದ್ದರು. ಕೊನೆಗೆ ಸಿಕ್ಕಿದ ತಪ್ಪು ಸಣ್ಣದು: ಹೊಸ ಚಿಪ್ ನಿಂತ ಸ್ಥಿತಿಯಲ್ಲೇ ಬರುತ್ತದೆ, ಅದಕ್ಕೆ ಓಡು ಎಂದು ನಾವೇ ಹೇಳಬೇಕು. ಹೇಳಿದೊಡನೆ ಪರದೆಯ ಮೇಲೆ ಸೆಕೆಂಡುಗಳು ಓಡತೊಡಗಿದವು. ಅವರು ನನ್ನ ತೋಳು ಹಿಡಿದು, "ನೋಡವಾ, ಬದುಕಿತು" ಎಂದರು.

ಆ ಗಡಿಯಾರಕ್ಕೆ ಹೊತ್ತಿಗೆ ಸರಿಯಾಗಿ ತಾನೇ ಬಾರಿಸುವ ವಿದ್ಯುತ್ ಗಂಟೆಯನ್ನು ಜೋಡಿಸಿದರು. ಹುಡುಗಿಯರಿಗೆ ರೈಲು ಸಿಗತೊಡಗಿತು.

ತಿಂಗಳೊಪ್ಪತ್ತಿನಲ್ಲಿ ಹೆಡ್‌ಮಾಸ್ತರರು ಬಂದು, "ಅಕ್ಕೋರ, ನಿಮ್ಮ ಡಬ್ಬಿ ಸ್ವಲ್ಪ ಹಿಂದ ಮಾಡ್ರಿ" ಎಂದರು.

"ಮಾಡಾಕ ಬರ್ತೈತ್ರಿ. ಆದ್ರ ನಾ ಮಾಡೂದಿಲ್ಲ."

ವರ್ಷ ಮುಗಿಯುವುದರೊಳಗೆ ನಮ್ಮ ಶಾಲೆ ನಡೆಸುವ ಸಂಸ್ಥೆಯ ಬೇರೊಂದು ಶಾಲೆಗೆ ಅಕ್ಕೋರ ವರ್ಗವಾಯಿತು. ಅವರು ಹೋದ ಮರುದಿನವೇ ಹೆಡ್‌ಮಾಸ್ತರರು ಗಂಟೆಯ ತಂತಿ ಕತ್ತರಿಸಿದರು. ನಾನು ಕಣ್ಣಾರೆ ಕಂಡೆ.

ಕೆಲವು ವರ್ಷಗಳ ಮೇಲೆ ಅಕ್ಕೋರು ಕಾಯಿಲೆಯಿಂದ ತೀರಿಕೊಂಡರು. ನಮ್ಮ ಶಾಲೆಯ ಶ್ರದ್ಧಾಂಜಲಿ ಸಭೆಯಲ್ಲಿ ಅದೇ ಹೆಡ್‌ಮಾಸ್ತರರು ಕಣ್ಣೊರೆಸಿಕೊಳ್ಳುತ್ತ, "ಅವರೂ ನಾನೂ ಕೂಡಿ ಶಾಲೆಗೊಂದು ಗಡಿಯಾರ ಮಾಡಿದ್ದೆವು" ಎಂದರು.

ನಾನು ಎದ್ದು ನಿಂತೆ. "ಸುಳ್ಳು ಹೇಳಬ್ಯಾಡ್ರಿ. ಅದರ ತಂತಿ ಕತ್ತರಿಸಿದವ್ರು ನೀವು."

ಯಾರೋ ನನ್ನ ಸೆರಗು ಜಗ್ಗಿದರು. ನಾನು ಕೂರಲಿಲ್ಲ. ಅಂದಿನವರೆಗೂ ಸಿಟ್ಟೆಂದರೆ ನುಂಗಿಕೊಳ್ಳುವುದು ಎಂದೇ ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸಿದ್ದು ಅಷ್ಟೇ. ಮಿಕ್ಕಿದ್ದನ್ನು ಕಲಿಸಿದವರು ಅಕ್ಕೋರು.