ಚೆಲುವಮ್ಮನ ಕಿವಿಗೆ ಸರ್ಟಿಫಿಕೇಟ್ ಇಲ್ಲ

ಬೆಳಗಿನ ಆರು ಗಂಟೆ. ಕೃಷ್ಣಮೂರ್ತಿಪುರಂ ಕಡೆಯಿಂದ ಬಂದ ಆಟೋ ಕೆಸರೆಯ ಕಸ ವಿಂಗಡಿಸುವ ಶೆಡ್ಡಿನಲ್ಲಿ ಆಗತಾನೇ ಮೂಟೆಗಳನ್ನು ಸುರಿದು ಹೋಗಿದೆ. ಐವತ್ತಮೂರರ ಚೆಲುವಮ್ಮ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಪ್ಲಾಸ್ಟಿಕ್ ಕವರನ್ನು ಕಿವಿಯ ಹತ್ತಿರ ಹಿಡಿದು ಹಿಸುಕುತ್ತಾರೆ. ಗರಗರ ಎಂದರೆ ಎಡಗಡೆ, ಸದ್ದಿಲ್ಲದೆ ಮುದುಡಿದರೆ ಬಲಗಡೆ. ಎರಡೂ ಬೇರೆ ಬೇರೆ ಪ್ಲಾಸ್ಟಿಕ್, ನೋಡಲು ಒಂದೇ ಥರ. ಬೆರೆತರೆ ಮಾತ್ರ ಕರಗಿಸುವಾಗ ಇಡೀ ಮೂಟೆ ಹಾಳು.

ಹದಿನೇಳು ವರ್ಷದಿಂದ ಇದೇ ಕೆಲಸ, ದಿನಕ್ಕೆ ಮೂವತ್ತು ಮೂಟೆ. ಗಂಡ ನಿಂಗಯ್ಯ ಇಂಥ ಶೆಡ್ಡುಗಳಲ್ಲೇ ಧೂಳು ಕುಡಿದು ಕುಡಿದು ಕೆಮ್ಮಿನಲ್ಲೇ ತೀರಿಕೊಂಡರು. ಯಾರೋ ಬಿಸಾಡಿದ ಇಂಜೆಕ್ಷನ್ ಸೂಜಿ ಚೆಲುವಮ್ಮನ ಕೈಗೆ ಮೂರು ಸಲ ಚುಚ್ಚಿದೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವ ಗಾದೆ ಇವರ ಪಾಲಿಗೆ ಅರ್ಧಕ್ಕೇ ನಿಂತಿದೆ.

ಈಗ ಇದಕ್ಕೆ ‘ಹಸಿರು ಉದ್ಯೋಗ’ ಎಂದು ಹೊಸ ಹೆಸರು. ಹೆಸರಿನ ಬೆನ್ನಿಗೇ ಹತ್ತು ದಿನದ ತರಬೇತಿ, ಪರೀಕ್ಷೆ. ಪಾಸಾದವರಿಗಷ್ಟೇ ಒಂದನೇ ತಾರೀಖಿನಿಂದ ಕೆಲಸ ಎಂದು ಹೊಸ ಗುತ್ತಿಗೆದಾರರು ಹೇಳಿಬಿಟ್ಟಿದ್ದಾರೆ. ಪರೀಕ್ಷೆಯ ದಿನ ಹತ್ತು ಬಗೆಯ ಪ್ಲಾಸ್ಟಿಕ್ ತುಂಡುಗಳನ್ನು ಹಲಗೆಗೆ ಅಂಟಿಸಿ, ಮೇಲೆ ಗಾಜು ಹಾಕಿ, ಗುರುತಿಸಿ ಎಂದರು. ಚೆಲುವಮ್ಮ ಅಭ್ಯಾಸಬಲದಿಂದ ಗಾಜಿನ ಮೇಲೇ ಕೈಯಿಟ್ಟರು. ಮುಟ್ಟಬಾರದೆಂದು ಗದರಿಸಿಕೊಂಡರು. ಹತ್ತರಲ್ಲಿ ಮೂರು ಸರಿ, ಫೇಲು. ಕಿವಿಯಿಂದ ಕಲಿತ ವಿದ್ಯೆಯನ್ನು ಕಣ್ಣಿನಿಂದ ಒಪ್ಪಿಸು ಎಂದರೆ ಯಾರು ತಾನೇ ಪಾಸಾದಾರು?

“ಬಾಯ್ಬುಟ್ಟು ಕೇಳ್ದೆ, ಒಂದ್ಸಲ ಹಿಸುಕಕ್ಕೆ ಕೊಡಿ ಸ್ವಾಮಿ ಅಂತ. ರೂಲ್ಸ್ ಇಲ್ಲ ಅಂದ್ಬುಟ್ರು,” ಎನ್ನುತ್ತಾರೆ ಚೆಲುವಮ್ಮ.

ಅವರ ಜಾಗಕ್ಕೆ ಬರುವವಳು ಬೋಗಾದಿಯ ಹೇಮಶ್ರೀ. ಹಲಗೆಯನ್ನೇ ಬಾಯಿಪಾಠ ಮಾಡಿ ಹತ್ತಕ್ಕೆ ಹತ್ತು ತೆಗೆದವಳು, ರಾಶಿಯ ಮುಂದೆ ಕೂತರೆ ಕಂಗಾಲು. ಹಾಗಾಗಿ ತಿಂಗಳು ಮುಗಿಯುವವರೆಗೆ ಚೆಲುವಮ್ಮನೇ ಅವಳಿಗೆ ಕಲಿಸಬೇಕಂತೆ. ಕಲಿಸುತ್ತಲೂ ಇದ್ದಾರೆ. ಹುಡುಗಿಯ ಕಣ್ಣು ಮುಚ್ಚಿಸಿ, ಕಿವಿಯ ಬಳಿ ಕವರು ಹಿಸುಕುತ್ತಾರೆ, ತಪ್ಪು ಹೇಳಿದರೆ ಮತ್ತೆ ಹಿಸುಕುತ್ತಾರೆ. ನಿಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದವಳಿಗೇ ಯಾಕೆ ಕಲಿಸುತ್ತೀರಿ ಎಂದು ಕೇಳಿದರೆ, ಕೈ ನಿಲ್ಲಿಸದೆ ಉತ್ತರಿಸುತ್ತಾರೆ:

“ಆ ಮಗು ಏನ್ ಮಾಡ್ತು ಕಣ್ರೀ? ಇನ್ನೂ ಒಂಬತ್ತು ದಿನ ಐತೆ. ಅವ್ಳ ಕಿವಿ ತಿದ್ಬುಟ್ಟೇ ಹೋಯ್ತೀನಿ.”