ಮಣ್ಣು ಮೆತ್ತಿದ ಗೂಡು

ಹಿರೇನಲ್ಲೂರಿನ ಶಾಂಭವಿ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಆದರೂ ನಡುಸಮುದ್ರದ ಒಂದು ನಿರ್ಜನ ದ್ವೀಪದ ಜ್ವಾಲಾಮುಖಿಯನ್ನು ದಿನವೂ ನೋಡುತ್ತಿದ್ದಳು. ಭೂವಿಜ್ಞಾನ ಓದಿದ್ದಳು. ಸಂಶೋಧನಾ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ ಕೊಡುವುದು ಅವಳ ಕೆಲಸ.

ಶಾಖವನ್ನು ಅಂದಾಜು ಮಾಡಲು ಅವಳದೇ ಒಂದು ಅಳತೆಗೋಲಿತ್ತು: ಊರಾಚೆಯ ಕಲ್ಲಪ್ಪನ ಇಟ್ಟಿಗೆ ಗೂಡು. ಬೆಂಕಿ ಹಾಕಿದಾಗ ಅದೂ ಊರಿನ ಉಪಗ್ರಹ ಚಿತ್ರದಲ್ಲಿ ಕೆಂಪು ಚುಕ್ಕೆಯಾಗಿ ಕಾಣುತ್ತಿತ್ತು. ಚುಕ್ಕೆ ಮಂಕಾದರೆ ಗೂಡು ಆರಿತೆಂದು ಲೆಕ್ಕ. ಈ ವಾರ ಗೂಡಿನ ಚುಕ್ಕೆಯಂತೆ ಜ್ವಾಲಾಮುಖಿಯ ಚುಕ್ಕೆಯೂ ಮಂಕಾಗಿತ್ತು. "ತಣ್ಣಗಾಗುತ್ತಿದೆ, ದ್ವೀಪಕ್ಕೆ ಇಳಿಯಬಹುದು" ಎಂದು ಬರೆದು ಕಳಿಸಿದಳು. ಅದನ್ನು ನಂಬಿ ಸಂಸ್ಥೆಯ ತಂಡದ ಮುಖ್ಯಸ್ಥ ವಿಶ್ವಾರಾಧ್ಯ ಸಂಗಡಿಗರೊಡನೆ ದೋಣಿ ಹತ್ತಿದ್ದರು. ಇವತ್ತೇ ದ್ವೀಪಕ್ಕೆ ಕಾಲಿಡುವವರಿದ್ದರು.

ಬೆಳಿಗ್ಗೆ ಹಾಲು ತರಲು ಹೊರಟವಳು ಗೂಡಿನ ಬಳಿ ನಿಂತಳು. "ಗೂಡು ಆರ್ತಾ ಬಂತಲ್ವಾ ಮಾವ?"

"ಆರೋದಾ? ಯಾರವ್ವ ಹೇಳಿದ್ದು?" ಕಲ್ಲಪ್ಪ ನಕ್ಕ. "ಬಿಸಿ ಆಚೆ ಹೋಗ್ದಂಗೆ ಮ್ಯಾಲೆಲ್ಲ ಮಣ್ಣು ಮೆತ್ತಿದೀವಿ ಕಣವ್ವ. ಒಳಗೆ ಈಗ್ಲೇ ಜೋರು. ಬೇಕಾದ್ರೆ ಕೈ ಇಟ್ಟು ನೋಡು, ಆಮೇಲೆ ಉಂಗುರ ತೊಡ್ಸೋಕೆ ನಿನ್ ಗಂಡಂಗೆ ಬೆರಳೇ ಸಿಗಲ್ಲ!"

ಶಾಂಭವಿಗೆ ನಗು ಬರಲಿಲ್ಲ. ಬರಿ ಪಾತ್ರೆ ಹಿಡಿದೇ ಮನೆಗೆ ಓಡಿದಳು. ನೆಲದ ಏರಿಳಿತ ತೋರಿಸುವ ರಾಡಾರ್ ಚಿತ್ರಗಳನ್ನು ತೆರೆದು, ಹಳೆಯದಕ್ಕೆ ಹೊಸದನ್ನು ಹೋಲಿಸಿದಳು. ಬೆಟ್ಟದ ನೆತ್ತಿ ಉಬ್ಬಿತ್ತು. ಅದು ಆರಿರಲಿಲ್ಲ, ಬಾಯಿ ಕಟ್ಟಿಕೊಂಡಿತ್ತು.

ದೋಣಿಯ ಉಪಗ್ರಹ ಫೋನಿಗೆ ಕರೆ ಹೋಯಿತು. "ಸರ್, ದಯವಿಟ್ಟು ಇಳೀಬೇಡಿ."

"ನೀವೇ ಅಲ್ವೇನ್ರೀ ತಣ್ಣಗಿದೆ ಅಂದಿದ್ದು?"

"ಹೌದು ಸರ್. ತಪ್ಪು ಓದಿದ್ದೆ. ಇಟ್ಟಿಗೆ ಗೂಡಿಗೆ ಮಣ್ಣು ಮೆತ್ತಿದ ಹಾಗೆ ಬಾಯಿ ಮುಚ್ಚಿದೆ. ನೆತ್ತಿ ಉಬ್ಬಿದೆ."

"ಇಟ್ಟಿಗೆ ಗೂಡು! ಇಷ್ಟು ದೂರ ಬಂದು ದಡ ನೋಡ್ಕೊಂಡು ವಾಪಸ್ ಹೋಗ್ಬೇಕಾ? ಇಲ್ಲಿ ಹೊಗೆ ಕೂಡ ಇಲ್ಲ ಕಣ್ರೀ."

"ಹೊಗೆ ಇಲ್ಲದಿರೋದೇ ನನಗೆ ಭಯ ಸರ್."

ಲೈನ್ ಕಡಿದುಹೋಯಿತು. ಅವರು ಇಳಿಯುತ್ತಾರೋ ಇಲ್ಲವೋ ತಿಳಿಯಲಿಲ್ಲ. ತಾಯಿ ಮಲ್ಲಿಕಾಂಬ ತಟ್ಟೆ ತಂದಿಟ್ಟರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮಧ್ಯಾಹ್ನದ ಹೊಸ ಚಿತ್ರದಲ್ಲಿ ದ್ವೀಪವೇ ಕಾಣಲಿಲ್ಲ. ಅದರ ಮೇಲೆ ಬೂದಿಯ ಮೋಡ ದಟ್ಟವಾಗಿ ಹರಡಿತ್ತು.

ದೋಣಿಗೆ ಫೋನು ಮಾಡಿದಳು; ರಿಂಗಾಗುತ್ತಲೇ ಇತ್ತು. ಕಡಿದಳು, ಮತ್ತೆ ಮಾಡಿದಳು. ಮತ್ತೆ. ಕೊನೆಗೆ ಯಾರೋ ಎತ್ತಿ ಗಂಟಲು ಹರಿಯುವಂತೆ ಕೆಮ್ಮಿದರು.

"ಸರ್?"

"ದೋಣೀಲೇ ಇದ್ದೀವಮ್ಮ," ಎಂದರು ವಿಶ್ವಾರಾಧ್ಯ. "ಎಲ್ಲರೂ."