ದಶಮಿಗೆ ಇಳಿಯದ ಪಿಟೀಲು

ಅರವತ್ತರ ದಶಕದ ಮೊದಲ ವರ್ಷಗಳು. ಶಿವಮೊಗ್ಗದ ನಮ್ಮ ಮನೆಯಲ್ಲಿ ಆ ಸೋಮವಾರವೂ ಬೆಳಗಾದದ್ದು ಎಂದಿನಂತೆಯೇ: ಒಲೆಗೆ ಹಂಡೆ, ಯಜಮಾನರಿಗೆ ಕಾಫಿ, ಡಬ್ಬಿಗೆ ಅವಲಕ್ಕಿ, ಆಮೇಲೆ ವತ್ಸಲಳಿಗೆ ಜಡೆ. ನನ್ನ ಹುದ್ದೆ ಗೃಹಿಣಿ. ಅದರ ಜೊತೆಗೆ, ಯಾರೂ ನೇಮಕ ಮಾಡದಿದ್ದರೂ, ಕಾಲೇಜಿಗೆಂದು ಬಂದು ನಮ್ಮಲ್ಲಿ ಉಳಿಯುವ ನೆಂಟರ ಹೆಣ್ಣುಮಕ್ಕಳಿಗೆಲ್ಲ ನಾನೇ ವಾರ್ಡನ್. ವತ್ಸಲಾ ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ನನ್ನ ದೊಡ್ಡಮ್ಮನ ಮಗಳ ಮಗಳು. ಬಿ.ಎಸ್ಸಿ. ಕೊನೆಯ ವರ್ಷ, ಪರೀಕ್ಷೆಗೆ ಎರಡು ತಿಂಗಳಿತ್ತು.

ಬೈತಲೆ ತೆಗೆಯುತ್ತಿದ್ದ ನನ್ನ ಕೈ ನಿಂತಿತು. ಬಲಗಿವಿಯ ಹಿಂದೆ ನಾಲ್ಕಾಣೆಯಷ್ಟಗಲ ಜಾಗ ಬೋಳಾಗಿತ್ತು. ಎದುರಿಗೆ ತೆರೆದಿದ್ದ ಕೆಮಿಸ್ಟ್ರಿ ಪುಸ್ತಕದ ನಡುವೆ ಕಿತ್ತ ಕೂದಲು, ಒಂದೊಂದೂ ನೀಟಾಗಿ ಪಕ್ಕಪಕ್ಕದಲ್ಲಿ. ಎಂಟು ದಿನದಿಂದಲೂ ಅದೇ ಪುಟ ತೆರೆದಿದ್ದುದು ನನಗೆ ಆಗ ಹೊಳೆಯಿತು.

"ನೀನೇ ಕಿತ್ಕೊಂಡ್ಯೇನೆ?"

"ಗೊತ್ತಾಗಲ್ಲ ಚಿಕ್ಕಮ್ಮ. ಓದ್ತಾ ಇರ್ತೀನಿ, ಕೈ ಹೋಗಿರುತ್ತೆ. ಅಕ್ಷರ ಕಾಣುತ್ತೆ, ತಲೆಗೆ ಹೋಗಲ್ಲ." ಹಾಗೆಯೇ, "ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ" ಎಂದಳು. ಹಾಲು ತರಲು ಮರೆತೆ ಅನ್ನುವಷ್ಟು ಸಾದಾ ದನಿಯಲ್ಲಿ.

ಆ ದನಿಗೆ ನಾನು ಹೆದರಿದೆ. ಹುಡುಗಿ ಪರೀಕ್ಷೆಗಷ್ಟೇ ಅಲ್ಲ, ನಮ್ಮ ಕೈಗೇ ಸಿಗದೆ ಹೋಗುವಳೆನಿಸಿತು.

ಇದರ ಮೂಲ ಅವಳ ಅಪ್ಪ. ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಭಾವ ಶಿಸ್ತಿನ ಮನುಷ್ಯ, ಅಂದರೆ ಬೇರೆಯವರ ಶಿಸ್ತಿನ ಮನುಷ್ಯ. ಮಗಳಿಗೊಂದು ಟೈಮ್‌ಟೇಬಲ್ ಬರೆದು, ಸ್ನಾನಕ್ಕೆ ಹತ್ತು ನಿಮಿಷವೆಂದು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ನಮ್ಮ ಗೋಡೆಗೆ ತಾವೇ ಮೊಳೆ ಹೊಡೆದು ತೂಗುಹಾಕಿದ್ದರು. ವತ್ಸಲಾ ದಿನಕ್ಕೆ ಅರ್ಧ ಗಂಟೆ ನುಡಿಸುತ್ತಿದ್ದ ಪಿಟೀಲಿಗೆ ಅದರಲ್ಲಿ ಜಾಗವಿರಲಿಲ್ಲ. "ಹವ್ಯಾಸ ಅನ್ನೋದು ಪಾಸಾದೋರಿಗೆ" ಎನ್ನುವುದು ಅವರ ಮಾತು. ನವರಾತ್ರಿಗೆ ಊರಿಗೆ ಹೋದಾಗ ಸರಸ್ವತಿ ಪೂಜೆಗೆ ಪುಸ್ತಕಗಳ ಜೊತೆ ಪಿಟೀಲನ್ನೂ ಇಡಿಸಿದರು. ದಶಮಿಯ ದಿನ ಪುಸ್ತಕಗಳು ಇಳಿದವು. ಪಿಟೀಲು ಇಳಿಯಲಿಲ್ಲ. ಫಸ್ಟ್ ಕ್ಲಾಸ್ ಬರುವವರೆಗೆ ಅದು ದೇವರ ಮುಂದೆಯೇ ಇರಬೇಕೆಂದು ಹರಕೆ ಹೊತ್ತರಂತೆ. ಮಗಳ ಕಾವಲಿಗೆ ದೇವರನ್ನೇ ಸಂಬಳವಿಲ್ಲದೆ ನೇಮಿಸಿಕೊಂಡ ಜಾಣತನ!

ನನ್ನನ್ನೂ ಬಿಟ್ಟುಬಿಡಲಾರೆ. ಪಿಟೀಲಿಲ್ಲದೆ ಮನೆ ಎಷ್ಟು ಶಾಂತವಾಗಿದೆ, ಹುಡುಗಿ ಎಷ್ಟು ಗಂಭೀರಳಾಗಿದ್ದಾಳೆ ಎಂದು ಮೆಚ್ಚಿಕೊಂಡ ಮೂರ್ಖಳು ನಾನೇ.

ಅಂದು ಕಾಲೇಜಿಗೆ ರಜೆ ಹಾಕಿಸಿ, ಅವಳನ್ನು ಕರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಭಾವ ಊಟಕ್ಕೆ ಬರುವ ಹೊತ್ತಿಗೆ ಮನೆ ತಲುಪಿದೆವು. ಮಗಳ ಕೂದಲು ಸರಿಸಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಉಷ್ಣ. ಹರಳೆಣ್ಣೆ ಹಚ್ಚಮ್ಮ" ಎಂದು ತಟ್ಟೆಯ ಮುಂದೆ ಕೂತರು.

"ಎಣ್ಣೆ ಹಚ್ತೀನಿ ಭಾವ. ಪಿಟೀಲು ಕೊಡಿ."

"ದೇವರ ಮುಂದೆ ಇಟ್ಟಿದ್ದು. ಹಾಗೆಲ್ಲ ತೆಗೆಯೋಕಾಗುತ್ತಾ?"

"ಪೂಜೆಗೆ ಇಟ್ಟಿದ್ದನ್ನ ದಶಮಿ ದಿನ ತೆಗೆದು, ಒಂದು ಸಾಲಾದರೂ ಓದ್ಬೇಕು, ನುಡಿಸ್ಬೇಕು ಅಲ್ವಾ? ಇಲ್ದಿದ್ರೆ ಪೂಜೆ ಮುಗಿದ ಹಾಗಲ್ಲ. ನಿಮ್ಮನೇಲಿ ಇನ್ನೂ ನವರಾತ್ರಿನೇ ನಡೀತಿದೆ ಭಾವ. ಪೂಜೆ ನಡೀತಿರುವಾಗ ಹುಡುಗಿ ಹೇಗೆ ಪುಸ್ತಕ ಮುಟ್ಟಿದ್ಲು?"

ಅವರ ತುತ್ತು ಅರ್ಧಕ್ಕೆ ನಿಂತಿತು. "ಕಾನ್ವೆಂಟ್ ಸಿಸ್ಟರ್‌ಗಳ ಹತ್ರ ಓದಿದೋಳು ನನಗೆ ಪೂಜೆ ಹೇಳಿಕೊಡ್ತೀಯಾ ಮಾರಾಯ್ತಿ?"

ಅಷ್ಟರಲ್ಲಿ ಬಡಿಸುತ್ತಿದ್ದ ಅಕ್ಕ, ವತ್ಸಲಳ ಅಮ್ಮ, ಸಾರಿನ ಸೌಟು ಕೆಳಗಿಟ್ಟು ದೇವರ ಕೋಣೆಗೆ ಹೋದಳು. "ದಿನಾ ಅದರ ಮೇಲೆ ಹೂ ಹಾಕಿ ಹಾಕಿ ಸಾಕಾಗಿದೆ ನಂಗೆ. ಅದೇನು ಪಿಟೀಲೋ, ಸಮಾಧಿಯೋ?" ಎನ್ನುತ್ತ ಪೆಟ್ಟಿಗೆ ತಂದು, ಸೆರಗಿನಿಂದ ಕುಂಕುಮ ಒರೆಸಿ ಮಗಳ ತೊಡೆಯ ಮೇಲಿಟ್ಟಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಭಾವ ಮಜ್ಜಿಗೆ ಕೇಳಿದರು. ಅಷ್ಟೇ ಅವರ ಪೌರುಷ.

ವತ್ಸಲಾ ಆ ವರ್ಷ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಪಿಟೀಲಿನ ದೆಸೆಯಿಂದ ಫಸ್ಟ್ ಕ್ಲಾಸ್ ತಪ್ಪಿತೆಂದು ಭಾವ ಬದುಕಿರುವ ತನಕ ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗಿದರು. ಮಗಳೇ ತಪ್ಪಿಹೋಗುವುದರಲ್ಲಿದ್ದಳೆಂಬುದು ಅವರ ತಲೆಗೆ ಹೋಗಲಿಲ್ಲ. ಹೋಗುವಷ್ಟು ಜಾಗವೂ ಅಲ್ಲಿರಲಿಲ್ಲ. ಈ ವಾರ್ಡನ್ ಕೆಲಸ ನನಗೆ ಕಲಿಸಿದ್ದಿಷ್ಟು: ಓದುವ ಮಕ್ಕಳಿರುವ ಮನೆ ಇದ್ದಕ್ಕಿದ್ದಂತೆ ಶಾಂತವಾದರೆ, ಮೆಚ್ಚಿಕೊಳ್ಳುವ ಮೊದಲು ಒಳಗೆ ಹೋಗಿ ನೋಡಬೇಕು.

ಆ ಸೋಮವಾರ ಸಂಜೆ ಶಿವಮೊಗ್ಗಕ್ಕೆ ಮರಳಿದ ಮೇಲೆ ವತ್ಸಲಾ ತಂತಿ ಬಿಗಿದು ನುಡಿಸಿದಳು. ಶ್ರುತಿ ತಪ್ಪುತ್ತಿತ್ತು, ಬಿಲ್ಲು ಕಿರುಗುಟ್ಟುತ್ತಿತ್ತು. ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆಯ ಮನೆಯ ಮುದುಕಿ ಜುಲೇಖಾಬಿ ಮಂಡಿನೋವಿನಿಂದ ಹೊರಗೆ ಬರುವವರಲ್ಲ. ಗೋಡೆಯ ಈಚೆಗಿನ ನಮ್ಮನ್ನು ಅವರು ಬಲ್ಲದ್ದು ಸದ್ದಿನಿಂದಲೇ. ಅಲ್ಲಿಂದಲೇ ಕೂಗಿ ಕೇಳಿದರು:

"ಏನಮ್ಮಾ, ನಿಮ್ಮ ಹುಡುಗಿ ಊರಿಂದ ಯಾವಾಗ ಬಂದ್ಲು? ದಸರಾಕ್ಕೆ ಹೋದೋಳು ಬರಲೇ ಇಲ್ಲ ಅಂದ್ಕೊಂಡಿದ್ದೆ."